ಕತೆಗೆ ಮೊದಲಿನ ಹೂಂ

"ನಾನ್ಯಾವಾಗ ಇದಕ್ಕೆ ಹೂಂ ಅಂದೆ?"

ಸುಂಕಲಮ್ಮ ಯಾರನ್ನೂ ಉದ್ದೇಶಿಸಿ ಕೇಳಿದ್ದಲ್ಲ. ಅಡುಗೆಮನೆಯಲ್ಲಿ ಅವಳೊಬ್ಬಳೇ ಇದ್ದಳು. ಮೊಮ್ಮಗಳು ಕರುಣಾ ಫೋನನ್ನು ಉಪ್ಪಿನ ಭರಣಿಗೆ ಒರಗಿಸಿ, ಓಡುತ್ತಿದ್ದ ಕಾರ್ಟೂನನ್ನು ಹಾಗೇ ಬಿಟ್ಟು, ಒಣಗಿದ ಬಟ್ಟೆ ತೆಗೆಯಲು ಹಿತ್ತಲಿಗೆ ಹೋಗಿದ್ದಳು. ಪರದೆಯ ಮೇಲೆ ಮಾರಭೂಪನೆಂಬ ಅರಸ ಸಿಂಹಾಸನದಲ್ಲಿ ಕುಳಿತಿದ್ದ. ಅವನ ಮುಂದೆ ಕೈಕಟ್ಟಿ ನಿಂತವನು ಮಲ್ಲಣ್ಣ, ದಾರಿಹೋಕರಿಗೆ ಕಾಣಲೆಂದು ಹೊಳೆಯ ಕಡವಿನಲ್ಲಿ ಸಂಜೆಗೊಂದು ದೀಪ ಹಚ್ಚುವವನು. ದೀಪ ಹಚ್ಚಬೇಡ, ಶತ್ರುವಿಗೂ ದಾರಿ ಕಾಣುತ್ತದೆ ಎಂದು ಅರಸ ಹೇಳಿಕಳಿಸಿದ್ದ. ಮಲ್ಲಣ್ಣ ಹಚ್ಚಿದ್ದ. ಲೋಕಪ್ಪ ಮೇಷ್ಟರ ಧ್ವನಿ ಹಾಡುತ್ತಿತ್ತು:

ಕೀಳಿಸೀತನ ಎರಡು ಕಂಗಳ
ನಾಳೆ ಮೂಡಲ ಬೆಳಕು ಕಾಣದೆ
ಬಾಳಲೆಂದನು ದೊರೆಯು ಸಭೆಯಲಿ ಮೀಸೆಯನು ತಿರುಹಿ

ಅಲ್ಲಿಗೆ ಹಾಡು ನಿಂತಿತು. ಚಿತ್ರದ ಎಡಮೂಲೆಯಲ್ಲಿ ಕಂಬಕ್ಕೊರಗಿ ಕುಳಿತಿದ್ದ ಗುಂಡು ಮುಖದ ಕಾರ್ಟೂನ್ ಅಜ್ಜಿ ತಲೆ ಆಡಿಸಿ "ಹೂಂ" ಅಂದಳು.

ಧ್ವನಿ ಸುಂಕಲಮ್ಮನದೇ. ಆ ಹೂಂ ಯಾವುದೆಂಬುದೂ ಅವಳಿಗೆ ಗುರುತು ಸಿಕ್ಕಿತು. ಮಲ್ಲಣ್ಣನಿಗೆ ಬಹುಕಾಲದ ಮೇಲೆ ಮಗಳು ಹುಟ್ಟುವ ಪದ್ಯಕ್ಕೆ ಅವಳು ಅಂದದ್ದು. ಕೊನೆಯಲ್ಲಿ ಸ್ವಲ್ಪ ಮೇಲೇರಿ ನಿಲ್ಲುತ್ತದೆ. ಅದೇ ಹೂಂ ಈಗ ಕಣ್ಣು ಕೀಳಿಸುವ ಅಪ್ಪಣೆಗೆ ಬಂದು ಕೂತಿತ್ತು.

ಅವಳ ಊರಾದ ಉಡುತಡಿಯಲ್ಲಿ ಶ್ರಾವಣದ ತಿಂಗಳು ಗುಡಿಯ ಜಗಲಿಯ ಮೇಲೆ ಪುರಾಣ ಓದಿಸುತ್ತಾರೆ. ಓದುವವರು ಲೋಕಪ್ಪ ಮೇಷ್ಟರು, ಪ್ರೈಮರಿ ಶಾಲೆಯಲ್ಲಿದ್ದು ನಿವೃತ್ತರಾದವರು. ದೀಪದ ಮಲ್ಲಣ್ಣನ ಕತೆ ಅವರ ಅಜ್ಜನ ಬಾಯಿಂದ ಅವರಿಗೆ ಬಂದದ್ದು. ಓದುವವರ ಎಡಕ್ಕೆ ಒಬ್ಬರು ಕೂತು ಹೂಂ ಅನ್ನಬೇಕು. ಪದ್ಯ ಮುಗಿದಾಗ ಹೂಂ ಬಂದರೆ ಅದು ಕೇಳುವವರ ಮನಸ್ಸಿಗೆ ಮುಟ್ಟಿತು ಎಂದು ಅರ್ಥ. ಮೇಷ್ಟರು ಮುಂದಿನ ಪದ್ಯ ಎತ್ತಿಕೊಳ್ಳುತ್ತಾರೆ. ಬಾರದಿದ್ದರೆ ಅದೇ ಪದ್ಯವನ್ನು ಇನ್ನೊಂದು ರಾಗದಲ್ಲಿ ಮತ್ತೊಮ್ಮೆ ಹೇಳುತ್ತಾರೆ. ಆದರೆ ಕೆಲವು ಕಡೆ ಹೂಂ ಅನ್ನುವ ಹಾಗಿಲ್ಲ. ಸಾವಿಗೆ ಇಲ್ಲ, ಸುಳ್ಳು ಆಣೆಗೆ ಇಲ್ಲ, ಕೆಟ್ಟ ಅಪ್ಪಣೆಗೆ ಇಲ್ಲ. ಹೂಂ ಅಂದರೆ ಅಂದವರೂ ಅದಕ್ಕೆ ಒಪ್ಪಿದಂತಾಗುತ್ತದೆ. ಅಂಥಲ್ಲಿ ಮೇಷ್ಟರು ಒಂದು ಉಸಿರಿನಷ್ಟು ಕಾದು, ಯಾರ ಹೂಂ ಕೂಡ ಇಲ್ಲದೆ, ತಾವೇ ಮುಂದೆ ಹೋಗುತ್ತಾರೆ. ಸಭೆಯೂ ಆಗ ಅಲುಗುವುದಿಲ್ಲ.

ಸುಂಕಲಮ್ಮನ ಅತ್ತೆ ಆ ಜಾಗದಲ್ಲಿ ಕೂತಿದ್ದವಳು. ಅತ್ತೆಗೆ ಕಿವಿ ಮಂದವಾದ ಮೇಲೆ ಜಾಗ ಸೊಸೆಗೆ ಬಂತು. ಮನೆಯಲ್ಲಿ ಜಗಳವಾದ ದಿನ, ಮಗ ಪರಶುರಾಮನಿಗೆ ಜ್ವರ ಬಂದ ದಿನ, ಶುಂಠಿ ಕೀಳುವ ಗಡಿಬಿಡಿಯ ದಿನ, ಯಾವ ದಿನವೂ ಅವಳು ಅದನ್ನು ಖಾಲಿ ಬಿಟ್ಟದ್ದಿಲ್ಲ. ಅವಳಿಗೆ ಓದು ಬಾರದು. ಪದ್ಯದ ಅರ್ಧ ಮಾತುಗಳ ಅರ್ಥ ಕೇಳಿದರೆ ಹೇಳಲಾರಳು. ಹೂಂ ಎಲ್ಲಿ ಅನ್ನಬೇಕು, ಎಲ್ಲಿ ಬಾಯಿ ಮುಚ್ಚಿ ಕೂರಬೇಕು ಎಂಬುದು ಮಾತ್ರ ಗೊತ್ತು.

ಆ ಹೂಂ ಕಾರ್ಟೂನಿಗೆ ಹೋದದ್ದು ಶಿಕಾರಿಪುರದ ಸುನಿತಾಳಿಂದ.

ಬಸ್ ನಿಲ್ದಾಣದ ಹತ್ತಿರ ಗೊಬ್ಬರದಂಗಡಿಯ ಮೇಲಿನ ಮಹಡಿಯಲ್ಲಿ ಸುನಿತಾಳ ಸ್ಟುಡಿಯೋ ಇದೆ. ಕಿಟಕಿ ತೆರೆದರೆ ಯೂರಿಯಾದ ವಾಸನೆ ಒಳಗೆ ಬರುತ್ತದೆ. ಅವಳು ಶಿವಮೊಗ್ಗದಲ್ಲಿ ಮಲ್ಟಿಮೀಡಿಯಾ ಕೋರ್ಸು ಮಾಡುವಾಗ ಕಾರ್ಟೂನೆಂದರೆ ದೊಡ್ಡ ಕಂಪನಿಗಳ ಕೆಲಸ. ಒಬ್ಬ ಮನುಷ್ಯ ಒಂದು ಹೆಜ್ಜೆ ಇಡಬೇಕಾದರೂ ಅವನನ್ನು ಮತ್ತೆ ಮತ್ತೆ ಬಿಡಿಸಬೇಕಿತ್ತು. ಫ್ಲ್ಯಾಶ್ ಎಂಬ ಕಂಪ್ಯೂಟರ್ ಸಾಧನ ಬಂದು ಆ ಲೆಕ್ಕವನ್ನು ಬದಲಿಸಿತು. ಕೈ ಒಂದು ಸಲ ಬಿಡಿಸು, ಕಾಲು ಒಂದು ಸಲ, ಕಣ್ಣು ಒಂದು ಸಲ. ಎಲ್ಲವನ್ನೂ ಲೈಬ್ರರಿ ಎಂಬಲ್ಲಿ ಇಟ್ಟುಕೋ. ಬೇಕಾದಾಗ ಕರೆ, ಜೋಡಿಸು, ತಿರುಗಿಸು. ಎರಡು ನಿಲುವು ಕೊಟ್ಟರೆ ನಡುವಿನ ಚಲನೆಯನ್ನು ಅದೇ ತುಂಬಿಕೊಳ್ಳುತ್ತದೆ. ಮೊದಲು ವೆಬ್‌ಸೈಟುಗಳಲ್ಲಿ ಗ್ರೀಟಿಂಗ್ ಕಾರ್ಡು ಕುಣಿಸುತ್ತಿದ್ದ ಸಾಧನ ಕೆಲವೇ ವರ್ಷಗಳಲ್ಲಿ ಟಿವಿಯ ಮಕ್ಕಳ ಚಾನೆಲ್ಲುಗಳ ಅರ್ಧ ಮಧ್ಯಾಹ್ನವನ್ನು ಹಿಡಿಯಿತು. ಸುನಿತಾ ಯಾವ್ಯಾವುದೋ ಊರುಗಳ ಕಂಪನಿಗಳಿಗೆ ಇಲಿಯ ಬಾಲ, ಆನೆಯ ಕಿವಿ, ಮಂತ್ರಿಯ ಮುಂಡಾಸು ಮಾಡಿ ಕಳಿಸಿ ಕೈ ಪಳಗಿಸಿಕೊಂಡಳು. ಊರಿನ ಫೋನುಗಳಿಗೆಲ್ಲ ನೆಟ್ಟು ಅಗ್ಗವಾದ ವರ್ಷ, ಇನ್ನು ತನ್ನದೇ ಒಂದು ಸರಣಿ ಮಾಡೋಣವೆಂದು ಹೊರಟಳು. ಕತೆ ಹುಡುಕಿಕೊಂಡು ಉಡುತಡಿಗೆ ಬಂದಳು. ಲೋಕಪ್ಪ ಮೇಷ್ಟರು ಒಪ್ಪಿದರು.

ಆದರೆ ಸ್ಟುಡಿಯೋದ ಮೈಕಿನ ಮುಂದೆ ಮೇಷ್ಟರು ಮೊದಲ ಪದ್ಯ ಮುಗಿಸಿ ನಿಂತುಬಿಟ್ಟರು. ಅದನ್ನೇ ಇನ್ನೊಂದು ರಾಗದಲ್ಲಿ ಹೇಳಿದರು. ಮತ್ತೆ ನಿಂತರು.

"ಮುಂದೆ ಹೋಗಿ ಸಾರ್," ಅಂದ ಉದಯ. ಆನವಟ್ಟಿಯಿಂದ ದಿನಾ ಬಸ್ಸಿನಲ್ಲಿ ಬರುವ ಅವನೇ ಸ್ಟುಡಿಯೋದ ಮುಖ್ಯ ಆನಿಮೇಟರ್, ಸೌಂಡೂ ಅವನದೇ.

"ಹೆಂಗೆ ಹೋಗ್ಲಪ್ಪ? ಎಡಕ್ಕೆ ಯಾರೂ ಇಲ್ವಲ್ಲ," ಅಂದರು ಮೇಷ್ಟರು.

ಹಾಗಾಗಿ ಸುಂಕಲಮ್ಮ ಬಂದಳು. ಎಡಕ್ಕೆ ಚಾಪೆ ಹಾಸಿಸಿಕೊಂಡು ಕೂತಳು. ಕತೆ ಹರಿಯಿತು. ಉದಯ ಆಮೇಲೆ ಹೂಂಗಳನ್ನು ಕತ್ತರಿಸಿ ನೋಡಿದ; ಮೇಷ್ಟರ ಓದು ಎಣ್ಣೆ ತೀರಿದ ಗಾಡಿಯಂತೆ ಅಲ್ಲಲ್ಲಿ ನಿಂತು ನಿಂತು ಹೋಯಿತು. ಹೂಂಗಳು ಇರಲಿ, ಅನ್ನುವವಳನ್ನೇ ಬಿಡಿಸೋಣ ಎಂದು ಸುನಿತಾ ತೀರ್ಮಾನಿಸಿದಳು. ಅದು ಅವರಿಗೆ ಬಯಸದೆ ಬಂದ ಅನುಕೂಲವಾಯಿತು. ಕಾರ್ಟೂನಿನಲ್ಲಿ ಮಾತಾಡುವ ಪ್ರತಿಯೊಬ್ಬರಿಗೂ ಆ, ಈ, ಊ, ಓ ಎಂದು ಬಗೆಬಗೆಯ ಬಾಯಿ ಬಿಡಿಸಿಟ್ಟು ಮಾತಿಗೆ ತಕ್ಕಂತೆ ಕೂರಿಸಬೇಕು. ಹೂಂ ಅನ್ನುವವಳಿಗೆ ಬಾಯಿ ತೆರೆಯುವ ಕೆಲಸವಿಲ್ಲ. ಒಂದು ಗೆರೆ ಸಾಕು. ತಲೆ ಸ್ವಲ್ಪ ಬಾಗಿ ಏಳಬೇಕು, ಅಷ್ಟೇ. ಹೂಂ ಮತ್ತು ತಲೆಯಾಡಿಸುವುದು ಎರಡನ್ನೂ ಒಂದೇ ಗಂಟು ಮಾಡಿ ಲೈಬ್ರರಿಯಲ್ಲಿ ಇಟ್ಟರು.

ಮಕ್ಕಳು ಮಲ್ಲಣ್ಣನಿಗಿಂತ ಆ ಅಜ್ಜಿಯನ್ನೇ ಹಚ್ಚಿಕೊಂಡರು. ಅಂಗನವಾಡಿಯಲ್ಲಿ ಪದ್ಯ ಹೇಳಿದರೆ ಕೂಸುಗಳು ತಲೆಯಾಡಿಸಿ ಹೂಂ ಅನ್ನತೊಡಗಿದವು. ಸುಂಕಲಮ್ಮ ಆನವಟ್ಟಿ ಸಂತೆಗೆ ಹೋದರೆ ಬಳೆ ಮಾರುವವಳು, "ಅಜ್ಜಿ, ಒಂದ್ಸಲ ಅನ್ರೀ," ಎಂದು ಕೈ ಹಿಡಿಯುತ್ತಿದ್ದಳು. ಅವಳಿಗೆ ಅದು ಹಿತವಾಗಿಯೇ ಇತ್ತು. ಸಂತೆಗೆ ಇಳಕಲ್ ಸೀರೆ ಉಟ್ಟುಕೊಂಡು ಹೋಗುವುದು ಶುರುವಾದದ್ದೂ ಆಗಲೇ.

ಮಾರಭೂಪನ ಕಂತು ಬಂದ ಮೇಲೆ ಜನರ ಮಾತು ಬದಲಾಯಿತು. ಹಾಲಿನ ಡೈರಿಯ ಮುಂದೆ ಕ್ಯಾನು ಹಿಡಿದು ನಿಂತ ಕೆಂಪಪ್ಪ, ಎಲ್ಲರಿಗೂ ಕೇಳುವಂತೆ ಕರೆದ.

"ಏನ್ ಸುಂಕಲಕ್ಕ, ಕಣ್ಣು ಕೀಳ್ಸೋಕೂ ನೀನೇ ಸೈನ್ ಹಾಕಿದೆಯಂತೆ?"

"ನಾನ್ ಅಂದಿಲ್ಲೋ ಅಲ್ಲಿ."

"ಹಂಗಾರೆ ನಿನ್ನ ಗಂಟ್ಲು ಕದ್ದೋರ್ಯಾರು? ನನ್ನ ಮೊಮ್ಮಗ ದಿನಾ ಹಾಕ್ಕಂತಾನೆ. ಅರಸ ಕೀಳ್ರೋ ಅಂತಾನೆ, ನೀನು ಹೂಂ ಅಂತೀಯ. ಬಲೇ ಜೋಡಿ!"

ಡೈರಿಯವರು ನಕ್ಕರು. ನಗದೆ ಸುಮ್ಮನೆ ನಿಂತವರು ಇಬ್ಬರು ಹೆಂಗಸರು. ಪ್ರತಿ ಶ್ರಾವಣವೂ ಜಗಲಿಯ ಮೇಲೆ ಬಂದು ಕೂರುವವರು ಅವರು. ಆ ನಗದವರ ಮುಖ ಸುಂಕಲಮ್ಮನಿಗೆ ಹೆಚ್ಚು ತಟ್ಟಿತು.

ಅದೇ ವಾರ ಲೋಕಪ್ಪ ಮೇಷ್ಟರು ಮನೆಗೆ ಬಂದರು. ಕಟ್ಟೆಯ ಮೇಲೆ ಕೂತರು. ಕೊಟ್ಟ ಚಹಾ ಕುಡಿದು ಮುಗಿಸಿದರು.

"ಸೊರಬದಿಂದ ಶ್ರೀನಾಥ ಫೋನ್ ಮಾಡಿದ್ದ," ಅಂದರು.

ಶ್ರೀನಾಥ ಸೊರಬದ ಒಂದು ಗುಡಿಯ ಸಮಿತಿಯವನು. ಶ್ರಾವಣದ ಕೊನೆಯ ಸೋಮವಾರ ಅಲ್ಲಿ ಮಲ್ಲಣ್ಣನ ಕತೆ ಓದಲು ಇಬ್ಬರನ್ನೂ ಮೊದಲೇ ಕರೆದಿದ್ದ.

"ಏನಂತೆ?"

"ನೀವು ಬನ್ನಿ ಮಾರಾಯ್ರೆ, ಹೂಂ ಅನ್ನೋಕೆ ನಮ್ಮಲ್ಲೇ ಯಾರಾದ್ರೂ ಕೂರ್ತಾರೆ, ತಪ್ಪು ತಿಳ್ಕೋಬೇಡಿ ಅಂದ. ಹೆಂಗಸರು ಒಂಥರಾ ಮಾತಾಡ್ತಿದಾರಂತೆ."

"ನೀವೇನಂದ್ರಿ?"

"ನೋಡಾನ ಅಂದೆ."

"ನೋಡಾನ ಅಂದ್ರಾ?" ಸುಂಕಲಮ್ಮ ಲೋಟ ತೆಗೆದುಕೊಳ್ಳಲು ಚಾಚಿದ್ದ ಕೈಯನ್ನು ಹಿಂದಕ್ಕೆ ಎಳೆದುಕೊಂಡಳು. "ಅವತ್ತು ನೀವೇ ಅಲ್ವಾ ಓದಿದ್ದು? ನಾನು ಹೂಂ ಅಂದ್ನಾ?"

"ಅಂದಿಲ್ಲ. ಅಂದಿದ್ರೆ ನಾನಲ್ಲೇ ಓದು ನಿಲ್ಲಿಸ್ತಿದ್ದೆ."

"ಮತ್ತೆ ಹಂಗಂತ ಹೇಳಬಾರದಾ?"

"ಯಾರಿಗ್ ಹೇಳ್ಲಿ ಸುಂಕಲಕ್ಕ? ಸೊರಬದಾಗೆ ಎಲ್ಲರ ಫೋನಾಗೂ ನಿನ್ನ ಧ್ವನಿ ಐತಿ. ನಾನು ಬಾಯಾಗೆ ಇಲ್ಲ ಅಂದ್ರೆ ಅದು ಹೋಗ್ತದಾ?"

ಮರುದಿನ ಇಬ್ಬರೂ ಬೆಳಗಿನ ಬಸ್ಸಿಗೆ ಶಿಕಾರಿಪುರಕ್ಕೆ ಹೋದರು.

ಉದಯ ಕಂಪ್ಯೂಟರಿನಲ್ಲಿ ಆ ಕಂತನ್ನು ತೆರೆದ. ಪರದೆಯ ಉದ್ದಕ್ಕೂ ಮೇಷ್ಟರ ಧ್ವನಿ ಗುಡ್ಡಗಳ ಸಾಲಿನಂತೆ ಬಿದ್ದುಕೊಂಡಿತ್ತು. ಪ್ರತಿ ಗುಡ್ಡದ ಬಾಲಕ್ಕೆ ಒಂದು ಸಣ್ಣ ಗಂಟು. ಗಂಟೇ ಹೂಂ ಎಂದು ಅವನು ತೋರಿಸಿದ. ಗುಡ್ಡ, ಗಂಟು, ಗುಡ್ಡ, ಗಂಟು. ಮಾರಭೂಪನ ಪದ್ಯ ಬಂತು. ಅಲ್ಲಿ ಗಂಟಿನ ಬಣ್ಣ ಬೇರೆ ಇತ್ತು.

"ಇಲ್ಲಿ ಖಾಲಿ ಇತ್ತಜ್ಜಿ," ಅಂದ. "ಎಲ್ಲಾ ಕಡೆ ಐತಿ, ಇಲ್ಲೊಂದು ಇಲ್ಲ. ನಿಮಗೆ ಕೆಮ್ಮು ಗಿಮ್ಮು ಬಂದಿರ್ಬೇಕು, ಮಿಸ್ ಆಗೈತಿ ಅಂದ್ಕೊಂಡೆ. ಅಜ್ಜಿ ಸುಮ್ನೆ ಕೂತಿದ್ರೆ ಫೋನ್ ಹ್ಯಾಂಗ್ ಆತೇನೋ ಅಂತ ನೋಡೋರು ಅನ್ಕಂತಾರೆ. ಅದ್ಕೇ ಹಿಂದಿಂದ ಒಂದು ಚೆನ್ನಾಗಿರೋದು ತಂದು ಇಟ್ಟೆ."

"ಖಾಲಿ ಇರ್ಲಿಲ್ಲಪ್ಪ," ಅಂದಳು ಸುಂಕಲಮ್ಮ. "ನಾನು ಸುಮ್ನಿದ್ದೆ."

ಉದಯನಿಗೆ ಅರ್ಥವಾಗಲಿಲ್ಲ. ಮೇಷ್ಟರು ಬಿಡಿಸಿ ಹೇಳಿದರು. ಎಲ್ಲಿ ಹೂಂ ಅನ್ನುವಂತಿಲ್ಲ, ಅಂದರೆ ಏನಾಗುತ್ತದೆ, ಸೊರಬದವರು ಏನು ಹೇಳಿಕಳಿಸಿದರು, ಎಲ್ಲವನ್ನೂ. ಉದಯ ಪರದೆಯನ್ನೇ ನೋಡುತ್ತಿದ್ದ. ಅವನು ಪುರಾಣ ಓದುವಲ್ಲಿ ಕೂತವನಲ್ಲ. ಅವನಜ್ಜಿ ಸಂಜೆಗೆ ಧಾರಾವಾಹಿ ನೋಡುತ್ತಾಳೆ. ಮನೆಯಲ್ಲಿ ಎಮ್ಮೆ ದನ ಏನೂ ಇಲ್ಲದ್ದರಿಂದ ಸಂಜೆಗೆ ಬೇರೆ ಕೆಲಸವೂ ಇಲ್ಲ ಎಂದು ಹಿಂದೊಮ್ಮೆ ಅವನೇ ಸುಂಕಲಮ್ಮನಿಗೆ ಹೇಳಿದ್ದ.

"ನಂಗೊತ್ತಾಗ್ಲಿಲ್ಲಜ್ಜಿ. ಕೆಲಸ ಪೂರ್ತಿ ಆಗ್ಲಿ ಅಂತ ಮಾಡ್ದೆ."

"ಗೊತ್ತು ಬಿಡು. ಈಗ ತೆಗಿ."

"ತೆಗೆಯೋದು ಒಂದು ಕ್ಷಣದ ಕೆಲಸ. ಆದ್ರೆ..." ಅವನು ಸುನಿತಾಳತ್ತ ನೋಡಿದ.

ಸುನಿತಾ ಅಷ್ಟೂ ಹೊತ್ತು ಕಿಟಕಿಗೆ ಒರಗಿ ನಿಂತು ಕೇಳುತ್ತಿದ್ದಳು. ಅವಳು ಮುಚ್ಚುಮರೆ ಇಲ್ಲದೆ ಹೇಳಿದಳು. ಇಲ್ಲಿ ತೆಗೆದರೆ ಇಲ್ಲಿ ಹೋಗುತ್ತದೆ. ಆದರೆ ನೆಟ್ಟಿನಲ್ಲಿ ಒಮ್ಮೆ ಹಾಕಿದ ವಿಡಿಯೋದ ಜಾಗದಲ್ಲೇ ತಿದ್ದಿದ್ದನ್ನು ಇಡಲು ಬರುವುದಿಲ್ಲ. ಹಳೆಯದನ್ನು ಪೂರ್ತಿ ಅಳಿಸಬೇಕು; ಹೊಸದು ಯಾರೂ ನೋಡದ್ದಾಗಿ ಮತ್ತೆ ಮೊದಲಿಂದ ಶುರುವಾಗಬೇಕು. ಅವಳ ಸರಣಿಯಲ್ಲೆಲ್ಲ ಅತಿ ಹೆಚ್ಚು ಜನ ನೋಡಿದ ಕಂತು ಇದೇ. ಇದನ್ನು ನೋಡಿಯೇ ಒಂದು ಟಿವಿ ಚಾನೆಲ್ಲಿನವರು ಮಾತಾಡಿಸಿದ್ದರು. ಶುಕ್ರವಾರ ಮತ್ತೆ ಫೋನ್ ಮಾಡುವವರಿದ್ದರು.

"ಜನ ನೋಡಿದ್ದು ಹೋಗ್ತದಜ್ಜಿ. ಅದೇ ನಮ್ಮ ಬಂಡವಾಳ," ಅಂದಳು.

"ನಂದೂ ಅದೇ ಹೋಗ್ತಿರೋದು ತಾಯಿ," ಅಂದಳು ಸುಂಕಲಮ್ಮ. "ಜನ ನೋಡಿದ್ದು."

ಕೆಳಗಿನ ಅಂಗಡಿಯಲ್ಲಿ ಯಾರೋ ಗೊಬ್ಬರದ ಮೂಟೆ ಎತ್ತಿ ಹಾಕಿದ ಸದ್ದಾಯಿತು. ಸುನಿತಾ ಕಿಟಕಿ ಬಿಟ್ಟು ಕಂಪ್ಯೂಟರಿನ ಹತ್ತಿರ ಬಂದಳು.

"ಅಳಿಸು ಉದಯ."

"ಅಕ್ಕಾ, ಶುಕ್ರವಾರ ಒಂದು ಕಳೀಲಿ..."

"ಅಳಿಸು ಅಂದೆ."

ಅವನು ಅಳಿಸಿದ. ಆಮೇಲೆ ತಿದ್ದಲು ಕೂತ. ಬೇರೆ ಬಣ್ಣದ ಗಂಟನ್ನು ಕಿತ್ತ. ತಲೆಯಾಡಿಸುವುದನ್ನೂ ಕಿತ್ತ. ಕಾರ್ಟೂನ್ ಅಜ್ಜಿ ಕಂಬಕ್ಕೆ ಒರಗಿ ಕೂತೇ ಉಳಿದಳು.

"ಇಲ್ಲಿ ಅಜ್ಜಿ ಏನು ಮಾಡ್ಬೇಕು ಸಾರ್? ಕಣ್ಣೀರು ಹಾಕ್ಸಲಾ?"

"ಏನೂ ಮಾಡಂಗಿಲ್ಲ," ಅಂದರು ಮೇಷ್ಟರು.

"ಕಣ್ಣು ಮಿಟುಕಿಸೋದು?"

"ಅದೂ ಬ್ಯಾಡ."

ಫ್ಲ್ಯಾಶಿನಲ್ಲಿ ಸುಮ್ಮನೆ ಇರುವುದಕ್ಕೆ ಕೆಲಸವೇ ಇಲ್ಲ. ಒಂದು ಚಿತ್ರವನ್ನು ಇಟ್ಟು, ಅದನ್ನು ಬೇಕಾದಷ್ಟು ದೂರ ಎಳೆದರಾಯಿತು. ಉದಯ ಮೇಷ್ಟರ ಉಸಿರು ಮುಗಿದು ಮುಂದಿನ ಪದ್ಯ ಏಳುವ ತನಕ ಎಳೆದ.

ಶುಕ್ರವಾರ ಚಾನೆಲ್ಲಿನಿಂದ ಫೋನ್ ಬರಲಿಲ್ಲ. ಅದರ ಮರುವಾರವೂ ಬರಲಿಲ್ಲ.

ಶ್ರಾವಣದ ಕೊನೆಯ ಸೋಮವಾರ ಮೇಷ್ಟರು ಸುಂಕಲಮ್ಮನನ್ನು ಕರೆದುಕೊಂಡೇ ಸೊರಬಕ್ಕೆ ಹೋದರು. ಶ್ರೀನಾಥನಿಗೆ ಮುಂಚೆ ತಿಳಿಸಿರಲಿಲ್ಲ. ಬಸ್ಸಿನಿಂದ ಇಳಿದವಳನ್ನು ನೋಡಿ ಅವನು, "ಓ, ನೀವೂ ಬಂದ್ರಾ... ಬನ್ನಿ ಬನ್ನಿ," ಎಂದು ಎರಡು ಸಲ ಹೇಳಿದ. ಗುಡಿಯ ಪ್ರಾಂಗಣದಲ್ಲಿ ಓದುವವರ ಎಡಕ್ಕೆ ಆ ಊರಿನ ಒಬ್ಬಾಕೆ ಆಗಲೇ ಕೂತಿದ್ದಳು. ಮೇಷ್ಟರು ಕೂರದೆ ನಿಂತೇ ಇದ್ದರು. ಆಕೆ ಒಮ್ಮೆ ಅವರನ್ನು, ಒಮ್ಮೆ ಶ್ರೀನಾಥನನ್ನು ನೋಡಿ, ಸೆರಗು ಸರಿಮಾಡಿಕೊಂಡು ಹೆಂಗಸರ ಸಾಲಿಗೆ ಸರಿದಳು.

ಓದು ಶುರುವಾಯಿತು. ಮಲ್ಲಣ್ಣನ ಹುಟ್ಟು, ಕಡವು, ಎಣ್ಣೆಗೆ ಪಟ್ಟ ಕಷ್ಟ, ಮಗಳು ಹುಟ್ಟಿದ್ದು. ಸುಂಕಲಮ್ಮ ಅನ್ನಬೇಕಾದಲ್ಲೆಲ್ಲ ಅಂದಳು. ಮಾರಭೂಪನ ಸಭೆ ಬಂದಾಗ ಹೆಂಗಸರ ಸಾಲು ಕತೆಯನ್ನು ಬಿಟ್ಟು ಅವಳನ್ನು ನೋಡಿತು. ಮೇಷ್ಟರು ಪದ್ಯವನ್ನು ಮೀಸೆಯವರೆಗೆ ತಂದು ಬಿಟ್ಟರು.

ಅವಳು ಕಣ್ಣು ಮುಚ್ಚಿರಲಿಲ್ಲ. ಯಾರನ್ನೂ ನೋಡುತ್ತಲೂ ಇರಲಿಲ್ಲ. ಅವಳ ತುಟಿ ಒಂದರ ಮೇಲೊಂದು ಕೂತಿತ್ತು. ಸುಮ್ಮನಿರುವುದು ಅಷ್ಟು ಕೇಳಿಸಬಹುದೆಂದು ಅಲ್ಲಿ ಅನೇಕರಿಗೆ ತಿಳಿದಿರಲಿಲ್ಲ. ಒಂದು ಉಸಿರು ಹೋಯಿತು. ಮೇಷ್ಟರು ಮುಂದಿನ ಪದ್ಯವನ್ನು ತಗ್ಗಿದ ದನಿಯಲ್ಲಿ ಎತ್ತಿಕೊಂಡರು.

ಮಂಗಳಾರತಿಯಾದ ಮೇಲೆ, ಜಾಗ ಬಿಟ್ಟುಕೊಟ್ಟಿದ್ದಾಕೆಯೇ ಬಂದು ಪ್ರಸಾದದ ದೊನ್ನೆಯನ್ನು ಸುಂಕಲಮ್ಮನ ಕೈಗೆ ಕೊಟ್ಟಳು. "ಫೋನಾಗೆ ಬೇರೆ ಥರ ಕೇಳ್ತಿತ್ತು," ಅಂದಳು. ಬೇರೆ ಏನನ್ನೂ ಯಾರೂ ಕೇಳಲಿಲ್ಲ.

ದೀಪಾವಳಿ ಕಳೆದು ಚಾನೆಲ್ಲಿನವರು ಸುನಿತಾಳಿಗೆ ತಾವಾಗಿ ಫೋನ್ ಮಾಡಿದರು. ಮಲ್ಲಣ್ಣ ಬೇಡ, ಅವರಿಗೆ ಅಜ್ಜಿ ಬೇಕಿತ್ತು. ದಿನಕ್ಕೊಂದು ಕತೆ, ಯಾರೋ ಹೇಳುವುದು, ಅಜ್ಜಿ ಹೂಂ ಅನ್ನುವುದು. ಟಿವಿಯಲ್ಲೂ, ಅದರ ತುಣುಕು ವೆಬ್ಬಿನಲ್ಲೂ. ಸುನಿತಾ ಕರುಣಾಳ ಫೋನಿಗೆ ಕರೆ ಮಾಡಿ, ಅಜ್ಜಿಯನ್ನು ಒಮ್ಮೆ ಕರೆದುಕೊಂಡು ಬಾ ಎಂದಳು. ಕರುಣಾ ಶಿಕಾರಿಪುರದ ಕಾಲೇಜಿಗೆ ಹೋಗುವವಳು. ಕಾಲೇಜು ಬಿಟ್ಟ ಮೇಲೆ ಅಜ್ಜಿಯನ್ನು ಬಸ್ ನಿಲ್ದಾಣದಲ್ಲಿ ಎದುರುಗೊಂಡು ಮಹಡಿ ಹತ್ತಿಸಿದಳು.

ಸ್ಟುಡಿಯೋದಲ್ಲಿ ಈಗ ಗಾಜಿನ ಕೋಣೆಯೊಂದು ಎದ್ದಿತ್ತು. ಒಳಗೆ ಕುರ್ಚಿ, ಮೈಕು. ಗೋಡೆಗೆಲ್ಲ ಸ್ಪಂಜು. ಸುಂಕಲಮ್ಮ ಕುರ್ಚಿಯ ಮೇಲೆ ಕೂತು ಬಲಕ್ಕೆ ನೋಡಿದಳು. ಅಲ್ಲಿ ಗೋಡೆ ಇತ್ತು.

"ಮೇಷ್ಟ್ರು ಎಲ್ಲಿ?"

"ಮೇಷ್ಟ್ರು ಬೇಕಿಲ್ಲಜ್ಜಿ ಇವತ್ತು. ನಿಮ್ಮ ಹೂಂ ಮಾತ್ರ ಸಾಕು." ಸುನಿತಾಳ ಧ್ವನಿ ಕಿವಿಗೆ ಹಾಕಿದ ಹೆಡ್‌ಫೋನಿನಿಂದ ಬಂತು. "ಖುಷಿಯ ಹೂಂ, ಬೇಜಾರದ್ದು, ಅನುಮಾನದ್ದು, ಹೆದರಿದ್ದು. ಹಿಂಗೆ ಒಂದೊಂದೇ ಅಂದುಬಿಡಿ. ಲೈಬ್ರರಿಯಲ್ಲಿ ಇಟ್ಕೊಂತೀವಿ. ಆಮೇಲೆ ನಿಮಗೆ ಬಸ್ ಹತ್ತಿ ಬರೋ ತಾಪತ್ರಯನೇ ಇಲ್ಲ."

"ಹಳೇವು ಅವೆಯಲ್ಲ?"

"ಅವೆ. ಆದ್ರೆ ಅವುಕ್ಕೆಲ್ಲ ಮೇಷ್ಟ್ರ ರಾಗದ ಬಾಲ ಸಿಕ್ಕೊಂಡೈತಿ. ಎಷ್ಟು ಕತ್ತರಿಸಿದ್ರೂ ಹಿಂದೆ ಗುಂಯ್ ಅಂತದೆ. ಟಿವಿಯೋರು ಚೊಕ್ಕ ಇರೋವು ಕೇಳ್ತಾರೆ."

ಉದಯ ಗಾಜಿನಾಚೆಯಿಂದ ಕೈ ಎತ್ತಿದ. "ಅಜ್ಜಿ, ಈಗ ಖುಷಿ ಹೂಂ."

"ಯಾಕೆ, ಏನಾತು?"

"ಏನೋ ಒಳ್ಳೇದಾತು ಅನ್ಕಳಿ."

"ಯಾರಿಗೆ?"

"ಯಾರಿಗಾದ್ರೂ."

"ಯಾರಿಗೋ ಏನೋ ಆದ್ರೆ ನಾನ್ಯಾಕೋ ಹೂಂ ಅನ್ಲಿ?"

ಕರುಣಾ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. ಉದಯ ತಲೆ ಕೆರೆದುಕೊಂಡ.

"ಸರಿ. ಒಂದು ಎಮ್ಮೆ ಕರು ಹಾಕ್ತು."

"ಎಲ್ಲಿ?"

"ಆನವಟ್ಟಿಯಾಗೆ."

"ಹೆಣ್ಣೋ ಗಂಡೋ?"

"ಹೆಣ್ಣು."

"ಎಮ್ಮೆ ಯಾರ್ದು?"

"ನಮ್ದೇ ಅಜ್ಜಿ."

"ನಿಮ್ಮನ್ಯಾಗೆ ಎಮ್ಮೆ ಇಲ್ಲಲ್ಲೋ, ಸುಳ್ಳಾ!"

ಕರುಣಾ ಈಗ ಜೋರಾಗಿಯೇ ನಕ್ಕಳು. ಉದಯನೂ ನಕ್ಕ. ಮೈಕು ಅವಳ ಪ್ರಶ್ನೆಗಳನ್ನೆಲ್ಲ ಹಿಡಿದುಕೊಂಡಿತ್ತು. ಹೂಂ ಒಂದೂ ಬಿದ್ದಿರಲಿಲ್ಲ. ಬೇಜಾರಿನದಕ್ಕೂ ಹಾಗೇ ಆಯಿತು. ಹೆದರಿದ್ದಕ್ಕೆ ಅವಳು, "ಹೆದರಿದ್ರೆ ಹೂಂ ಎಲ್ಲಿ ಬರ್ತದೆ, ನೀನೇ ಅಂದು ತೋರ್ಸು," ಅಂದಳು. ಉದಯ ಅಂದು ತೋರಿಸಿದ. ಅದು ಹೊಟ್ಟೆನೋವು ಬಂದವನ ಹೂಂ ಆಗಿತ್ತು.

ಸುನಿತಾ ನಗಲಿಲ್ಲ. ಗಾಜಿನ ಬಾಗಿಲು ತೆರೆದು ಒಳಗೆ ಬಂದು, ಕುರ್ಚಿಯ ಪಕ್ಕ ಮೊಣಕಾಲೂರಿ ಕೂತಳು. ಹೆಡ್‌ಫೋನನ್ನು ಅಜ್ಜಿಯ ಕಿವಿಯಿಂದ ತಾನೇ ತೆಗೆದಳು.

"ನಂಗೊಂದು ದಾರಿ ಹೊಳೀತದೆ ತಾಯಿ," ಅಂದಳು ಸುಂಕಲಮ್ಮ. "ಮೇಷ್ಟ್ರನ್ನ ಕರೆಸು. ಇಲ್ಲಾ, ನಿಮ್ಮ ಕತೆ ಹೇಳೋರು ಯಾರಿದಾರೋ ಅವರ್ನೇ ಕರೆಸು. ಹೇಳ್ಲಿ. ನಾನು ಕೇಳ್ತೀನಿ. ಎಷ್ಟು ಬೇಕೋ ಅಷ್ಟು ತಾವೇ ಬರ್ತವೆ."

"ಕತೆ ಇನ್ನೂ ಬರೆದಿಲ್ಲಜ್ಜಿ."

"ಬರೆದಿಲ್ವಾ?"

"ಬರೆಯೋರು ಬೇರೆ, ಹೇಳೋರು ಬೇರೆ. ಅವೆಲ್ಲ ಆಮೇಲೆ. ಯುಗಾದಿಗೆ ಮುಂಚೆ ಜಾಹೀರಾತು ಓಡಬೇಕಂತೆ. ಅದಕ್ಕೆ ಮೊದ್ಲು ಹೂಂ ಬೇಕು."

"ಮೊದ್ಲು ಹೂಂ. ಆಮೇಲೆ ಕತೆ."

"ಹೌದಜ್ಜಿ."

"ಆ ಕತ್ಯಾಗೆ ಅರಸ ಇರ್ತಾನಾ?"

"ಇರಬಹುದು."

"ಏನು ಅಪ್ಪಣೆ ಕೊಡ್ತಾನೆ?"

"ನಂಗೊತ್ತಿಲ್ಲಜ್ಜಿ. ಎಲ್ಲಿ ಹಾಕ್ತಾರೆ ಅನ್ನೋದು ನನ್ನ ಕೈಯಾಗೆ ಇರೋದಿಲ್ಲ. ಲೈಬ್ರರಿ ಅವರದ್ದಾಗ್ತದೆ." ಸುನಿತಾ ಹೆಡ್‌ಫೋನನ್ನು ಕೆಳಗಿಟ್ಟಳು. "ನಿಮಗೆ ಸುಳ್ಳು ಹೇಳಿ ಅನ್ನಿಸಬಾರದು ಅಂತ ಇದನ್ನ ಹೇಳ್ತಿದೀನಿ."

ಗಾಜಿನಾಚೆ ಉದಯ ಹೆಡ್‌ಫೋನು ಹಾಕಿಕೊಂಡೇ ನಿಂತಿದ್ದ. ಅವನಿಗೆ ಒಳಗಿನ ಮಾತು ಮೈಕಿನಲ್ಲಿ ಕೇಳುತ್ತಿತ್ತು. ಈ ಕೆಲಸ ಸಿಕ್ಕರೆ ಸ್ಟುಡಿಯೋ ಉಳಿಯುತ್ತದೆ, ಸಿಗದಿದ್ದರೆ ಮತ್ತೆ ಇಲಿಯ ಬಾಲ, ಆನೆಯ ಕಿವಿ. ಈಚೆಗೆ ಅದೂ ಕಡಿಮೆ. ಇದನ್ನು ಅವನು ಕರುಣಾಳಿಗೆ ಹೇಳಿದ್ದ, ಕರುಣಾ ಮೆಟ್ಟಿಲು ಹತ್ತುವಾಗ ಅಜ್ಜಿಗೆ ಹೇಳಿದ್ದಳು.

"ಒಂದೇ ಒಂದು ಅಂದುಬಿಡಿ," ಅಂದಳು ಸುನಿತಾ. "ಖುಷಿಯದ್ದೂ ಬೇಡ, ಬೇಜಾರದ್ದೂ ಬೇಡ. ಸುಮ್ನೆ ಒಂದು. ಉದ್ದ ಗಿಡ್ಡ ಮಾಡೋದು, ಏರಿಸೋದು ಇಳಿಸೋದು ಎಲ್ಲ ಉದಯ ಮಾಡ್ಕೊಂತಾನೆ. ಅವತ್ತು ನೀವು ಬಂದು ತೆಗಿ ಅಂದ್ರಿ. ನಾನು ಏನೂ ನೋಡ್ಲಿಲ್ಲ, ಅಳಿಸ್ದೆ. ಟಿವಿಯೋರು ಎಷ್ಟು ದಿನ ಫೋನ್ ಮಾಡ್ಲಿಲ್ಲ ಅಂತ ನಿಮಗೆ ಗೊತ್ತಲ್ಲ. ನಾನು ಬಾಯಿಬಿಟ್ಟು ಏನನ್ನೂ ಕೇಳಿದೋಳಲ್ಲ. ಈಗ ಕೇಳ್ತಿದೀನಿ."

ಸುಂಕಲಮ್ಮ ಅವಳ ತಲೆಯ ಮೇಲೆ ಕೈ ಇಟ್ಟಳು. ಕೂದಲನ್ನು ಹಿಂದಕ್ಕೆ ಸವರಿದಳು.

"ನೀನು ಅವತ್ತು ಮಾಡಿದ್ದು ದೊಡ್ಡದು. ನಾನು ಸಾಯೋತನಕ ಮರೆಯೋದಿಲ್ಲ. ಇನ್ನೇನಾದ್ರೂ ಕೇಳು ತಾಯಿ. ಬಂದು ಇಲ್ಲಿ ಕಸ ಹೊಡಿ ಅನ್ನು, ಹೊಡೀತೀನಿ."

"ಕಸ ಹೊಡೆಯೋದು ಬೇಡಜ್ಜಿ. ಒಂದು ಹೂಂ. ನನ್ನ ಸಲುವಾಗಿ."

"ಇಲ್ಲ," ಅಂದಳು ಸುಂಕಲಮ್ಮ. "ಅನ್ನೋದಿಲ್ಲ."